ಎಂಜಿನ್ನಿನ ಸದ್ದು ಕೇಳುವ ಸರಳು

ಕೋಥರೂಡದಲ್ಲಿ ಹಳೆಯ ಫಿಯೆಟ್ ಇಟ್ಟುಕೊಂಡಿರುವ ನಮ್ಮ ವಾಚನಾಲಯದ ಮಿತ್ರರೊಬ್ಬರಿಗೆ, ಎಂಜಿನ್ ಪೂರ್ತಿ ಬಿಚ್ಚಬೇಕೆಂದು ಒಂದು ಗ್ಯಾರೇಜಿನವರು ಹೇಳಿದರು. ಬಿಚ್ಚಿಸಿದ್ದರೆ ಎರಡು ತಿಂಗಳ ಪಗಾರ ಅಲ್ಲೇ ಹೋಗುತ್ತಿತ್ತು. ಕೆಟ್ಟಿದ್ದುದು ನೀರಿನ ಪಂಪಿನ ಬೇರಿಂಗ್ ಮಾತ್ರ! ಅದನ್ನು ತಿಳಿಸಿದ್ದು ಮನೆಯಲ್ಲಿ ಮಾಡಿದ ಒಂದು ಸರಳು.

ಪೆನ್ಸಿಲಿನಷ್ಟು ದಪ್ಪ, ಒಂದೂವರೆ ಅಡಿ ಉದ್ದದ ಕಬ್ಬಿಣದ ಸರಳನ್ನು ಗುಜರಿಯಲ್ಲಿ ಆರಿಸಿಕೊಳ್ಳಿರಿ. ಒಂದು ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿರಿ. ಇನ್ನೊಂದಕ್ಕೆ ಕಪಾಟಿನ ಮರದ ಗುಂಡಿಯನ್ನು ಬಿಗಿಯಾಗಿ ಕೂಡಿಸಿರಿ. ಸಡಿಲವಿದ್ದರೆ ಅದೇ ಗಲಗಲವೆಂದು ದಾರಿ ತಪ್ಪಿಸೀತು. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಕಾಗದದ ಸುರುಳಿಯಿಂದ ಎದೆಬಡಿತ ಕೇಳಿದನಲ್ಲ, ಇದೂ ಅದೇ ವಿದ್ಯೆ.

ಎಂಜಿನ್ನನ್ನು ಬಯಲಿನಲ್ಲಿ ನಿಧಾನವಾಗಿ ಓಡಲು ಬಿಡಿರಿ. ಮುಚ್ಚಿದ ಶೆಡ್ಡಿನಲ್ಲಿ ಅದರ ಹೊಗೆ ಪ್ರಾಣ ತೆಗೆಯುತ್ತದೆ. ಅಂಗಿಯ ತೋಳು ಮಡಚಿ, ಫ್ಯಾನು ಬೆಲ್ಟುಗಳಿಂದ ದೂರ ನಿಂತು, ಗುಂಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಳ್ಳಿರಿ. ತುದಿಯನ್ನು ತಿರುಗದ ಭಾಗಗಳ ಮೇಲೆ ಮಾತ್ರ ಇಡಿರಿ: ಡೈನಮೊದ ಮೈ, ಪಂಪಿನ ಮೈ, ವಾಲ್ವಿನ ಮುಚ್ಚಳ. ಸದ್ದು ಲೋಹದಲ್ಲೆಲ್ಲ ಹರಿಯುತ್ತದೆ. ಎಲ್ಲಿ ಹೆಚ್ಚೆಂದು ಹೋಲಿಸಿ ನೋಡಬೇಕು. ಬೇರಿಂಗ್ ಸವೆದಿದ್ದರೆ ಮರಳು ಅರೆದಂತೆ ಗರಗರ. ಮುಚ್ಚಳದಲ್ಲಿ ಜೋರಾಗಿ ಟಿಕ್ ಟಿಕ್ ಎಂದರೆ ಬಹುಶಃ ಟ್ಯಾಪೆಟ್ ಸಡಿಲ. ಕೆಳಗೆ ಎಣ್ಣೆಯ ತೊಟ್ಟಿಯ ಕಡೆ ಭಾರವಾದ ಬಡಿತವೇ? ಕೂಡಲೆ ನಿಲ್ಲಿಸಿ ಮಿಸ್ತ್ರಿಯನ್ನು ಕರೆಯಿರಿ.

ಇಂಥ ಹಳೆಯ ಗಾಡಿಯಲ್ಲಿ ಪಂಪು, ಡೈನಮೊಗಳ ಮೇಲೆ ಸಂಶಯ ಬಂದರೆ, ಎಂಜಿನ್ ನಿಲ್ಲಿಸಿ ಬೆಲ್ಟು ತೆಗೆದು ಅರ್ಧ ನಿಮಿಷ ಮಾತ್ರ ಓಡಿಸಿರಿ. ಸದ್ದು ನಿಂತರೆ ಕೇಡು ಎಂಜಿನ್ನಿನ ಹೊಟ್ಟೆಯಲ್ಲಿಲ್ಲ. ನಮ್ಮ ಮಿತ್ರರ ಗಾಡಿಯಲ್ಲಿ ನಿಂತೇಬಿಟ್ಟಿತು.