ಹಳೆಯ ಪೊಲೀಸ್ ಸೆಟ್ ಕೊಳ್ಳಹೊರಟ ತಮ್ಮನಿಗೆ



ಅಮೆರಿಕದ ಯಾವುದೋ ಪೊಲೀಸ್ ಇಲಾಖೆಯೋ ಅಗ್ನಿಶಾಮಕ ದಳವೋ ಬಳಸಿ ಮಾರಿದ ಮಲ್ಟಿಬ್ಯಾಂಡ್ ಮೊಬೈಲ್ ರೇಡಿಯೋ ತರಿಸಬೇಕು, ಅದನ್ನು ಕಾರಿನಲ್ಲಿ ಕೂರಿಸಬೇಕು, ಬೀಗಗಳನ್ನೆಲ್ಲ ತೆಗೆದು ‘ಪೂರ್ತಿ ಓಪನ್’ ಮಾಡಬೇಕು ಎಂಬ ಆಸೆ ನಿನ್ನಂಥ ಹುಡುಗರಿಗೆ ಹುಟ್ಟುವುದು ಸಹಜ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಎಂಜಿನಿಯರಿಂಗ್ ಓದುವವರಿಗೂ ಕೊರತೆಯಿಲ್ಲ, ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಹಳ್ಳಿಗಳಿಗೂ ಕೊರತೆಯಿಲ್ಲ. ಹಾಗಾಗಿ ಈ ಆಸೆಯನ್ನು ನಾನು ಗೇಲಿ ಮಾಡುವುದಿಲ್ಲ. ಆದರೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಸೆಟ್ಟಿಗೆ ನಮ್ಮ ಊರಲ್ಲಿ ಮಾಡುವಂಥ ಒಳ್ಳೆಯ ಮಾರ್ಪಾಡುಗಳೆಲ್ಲ ಅದನ್ನು ಕಿರಿದುಗೊಳಿಸುವಂಥವೇ. ತೆರೆಯುವುದರಲ್ಲಿ ಲಾಭವಿಲ್ಲ, ಅಪಾಯವಂತೂ ಇದೆ. ಏಕೆಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದು.

ಮೊದಲಿಗೆ ಆ ಸೆಟ್ಟು ಯಾಕೆ ಹುಟ್ಟಿತು ಎಂಬುದನ್ನು ನೋಡು. ಮೊಟೊರೋಲಾದ ಎಪಿಎಕ್ಸ್ 8500, ಹ್ಯಾರಿಸ್‌ನ ಎಕ್ಸ್‌ಜಿ-100ಎಂ ಮುಂತಾದವು ಹೆಚ್ಚುಕಡಿಮೆ 136ರಿಂದ 174, 380ರಿಂದ 520, ಆಮೇಲೆ 762ರಿಂದ 870 ಮೆಗಾಹರ್ಟ್ಸ್‌ವರೆಗೆ ಒಂದೇ ಪೆಟ್ಟಿಗೆಯಲ್ಲಿ ಮಾತಾಡುತ್ತವೆ. ಅಮೆರಿಕದಲ್ಲಿ ಒಂದೊಂದು ಊರಿನ ಒಂದೊಂದು ಇಲಾಖೆ ತನಗೆ ತೋಚಿದ ಬ್ಯಾಂಡಿನಲ್ಲಿ ದಶಕಗಟ್ಟಲೆ ಬೇರೂರಿದ್ದರಿಂದ ಪಕ್ಕದ ಇಲಾಖೆಯ ಮಾತು ಇವರಿಗೆ ಕೇಳಿಸುತ್ತಿರಲಿಲ್ಲ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಪೊಲೀಸ್ ಹೆಲಿಕಾಪ್ಟರಿನಿಂದ ಬಂದ ಎಚ್ಚರಿಕೆ ಕಟ್ಟಡದೊಳಗಿದ್ದ ಅಗ್ನಿಶಾಮಕರ ರೇಡಿಯೋಗೆ ನೇರ ತಲುಪುವ ದಾರಿಯೇ ಇರಲಿಲ್ಲ. ಆ ಕಹಿ ಅನುಭವದ ನಂತರ ಒಂದೇ ಸೆಟ್ಟಿನಲ್ಲಿ ಎಲ್ಲ ಬ್ಯಾಂಡ್ ಬೇಕೆಂಬ ಒತ್ತಡ ಬಲವಾಯಿತು. ಅಂದರೆ ಆ ಬ್ಯಾಂಡುಗಳ ರಾಶಿ ಅವರ ಚರಿತ್ರೆಯ ಸಮಸ್ಯೆಗೆ ಅವರು ಕಂಡುಕೊಂಡ ಪರಿಹಾರ. ನಮ್ಮಲ್ಲಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಲೈಸೆನ್ಸ್ ಪಡೆದವನಿಗೆ ಆ ಇಡೀ ಹರವಿನಲ್ಲಿ ಸಿಗುವುದು ಎರಡು ಸಣ್ಣ ಪಟ್ಟಿ ಮಾತ್ರ: 144ರಿಂದ 146, ಮತ್ತು 434ರಿಂದ 438 ಮೆಗಾಹರ್ಟ್ಸ್. ಒಟ್ಟು ಆರು ಮೆಗಾಹರ್ಟ್ಸ್. ಉಳಿದ ಸುಮಾರು ಇನ್ನೂರೆಂಬತ್ತು ಮೆಗಾಹರ್ಟ್ಸ್ ಬೇರೆಯವರ ಜಾಗ, ಅಲ್ಲಿ ಅವರ ಕೆಲಸ ನಡೆಯುತ್ತಿದೆ.

ಬೇರೆಯವರು ಎಂದರೆ ಯಾರು? ಅಮೆರಿಕದ 700 ಬ್ಯಾಂಡಿನಲ್ಲಿ ವಾಹನದ ಸೆಟ್ಟು ಮಾತಾಡುವುದು 799ರಿಂದ 805ರಲ್ಲಿ. ಭಾರತದಲ್ಲಿ 758ರಿಂದ 803ರವರೆಗಿನದು ಮೊಬೈಲ್ ಟವರ್‌ನಿಂದ ಫೋನಿಗೆ ಸಿಗ್ನಲ್ ಇಳಿಯುವ ದಾರಿ. 2022ರ ಹರಾಜಿನಲ್ಲಿ ಜಿಯೋ ಕಂಪನಿ ಹಣ ಕೊಟ್ಟು ಹಿಡಿದದ್ದು ಇದೇ 700 ಬ್ಯಾಂಡಿನ ತುಂಡನ್ನು. ಬಂಟ್ವಾಳದ ಬಿ.ಸಿ. ರೋಡಿನ ಬಸ್‌ಸ್ಟ್ಯಾಂಡ್ ಪಕ್ಕ ನಿಂತು ಅಲ್ಲಿ ಮೂವತ್ತು ವ್ಯಾಟ್ ಬಿಟ್ಟರೆ ಸುತ್ತಲಿನ ಫೋನುಗಳ ಕಿವಿ ಮುಚ್ಚಿದಂತೆ. ‘ಇಟ್ಟುಕೊಂಡರೆ ಏನು, ಮಾತಾಡದಿದ್ದರಾಯಿತಲ್ಲ’ ಎನ್ನುತ್ತೀಯಾ? 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ಲೈಸೆನ್ಸ್ ಇಲ್ಲದೆ ಸೆಟ್ಟನ್ನು ಹೊಂದಿರುವುದೇ ಅಪರಾಧ. 2023ರ ದೂರಸಂಪರ್ಕ ಕಾಯ್ದೆಯ ಮೂರನೆಯ ಸೆಕ್ಷನ್ ಕೂಡ ರೇಡಿಯೋ ಉಪಕರಣ ಇಟ್ಟುಕೊಳ್ಳುವುದಕ್ಕೆ ಅನುಮತಿ ಬೇಕೆನ್ನುತ್ತದೆ. ವಿದೇಶದಿಂದ ತರಿಸುವಾಗ ಕಸ್ಟಮ್ಸ್ ಕೇಳುವುದೂ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಕಾಗದಗಳನ್ನೇ. ಇದು ಬರೀ ಕಾಗದದ ಮಾತು ಎಂದು ತಳ್ಳಿಹಾಕಬೇಡ. ಬೆಳ್ತಂಗಡಿ ಕಡೆಯ ಕಾಡಿನಲ್ಲಿ ಸ್ಯಾಟಲೈಟ್ ಫೋನ್ ಸದ್ದು ಸಿಕ್ಕಿತೆಂದು ಪೊಲೀಸರು ಹುಡುಕಾಟ ನಡೆಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದನ್ನು ನೀನೂ ಓದಿರಬಹುದು. ಕುದುರೆಮುಖದ ಅಂಚಿನ ಊರುಗಳಲ್ಲಿ ಗುರುತಿಲ್ಲದ ಒಂದು ಸಿಗ್ನಲ್ ಎಂದರೆ ಅದು ಹುಡುಗಾಟವೆಂದು ಯಾರೂ ಮೊದಲಿಗೆ ತಿಳಿಯುವುದಿಲ್ಲ.

ಕಾನೂನಿನ ಮಾತು ಇಷ್ಟು ಸಾಕು. ನನಗೆ ಅದಕ್ಕಿಂತ ಹೆಚ್ಚು ಮುಖ್ಯವಾಗಿ ಕಾಣುವುದು ನಮ್ಮ ನೆಲದ ಏರಿಳಿತ. ಮಲ್ಟಿಬ್ಯಾಂಡ್ ಎಂಬ ಹೆಸರು ಕೇಳಿದರೆ ಎಲ್ಲ ಕಡೆಗೂ ಮುಟ್ಟುವ ಸೆಟ್ಟು ಅನಿಸುತ್ತದೆ. ಆದರೆ ಅದರ ಬ್ಯಾಂಡುಗಳೆಲ್ಲ 136 ಮೆಗಾಹರ್ಟ್ಸ್‌ಗಿಂತ ಮೇಲಿನವು, ಎಲ್ಲವೂ ಹೆಚ್ಚುಕಡಿಮೆ ಕಣ್ಣಿಗೆ ಕಾಣುವ ದೂರವನ್ನೇ ನೆಚ್ಚಿದವು. ಸಮತಟ್ಟು ನೆಲದಲ್ಲಿ ಎರಡು ಕಾರುಗಳು, ಎರಡೂ ಆಂಟೆನಾ ಎರಡು ಮೀಟರ್ ಎತ್ತರದಲ್ಲಿ ಎಂದಿಟ್ಟುಕೊ. ರೇಡಿಯೋ ದಿಗಂತದ ಲೆಕ್ಕ ಹನ್ನೆರಡು ಕಿಲೋಮೀಟರ್ ದಾಟುವುದಿಲ್ಲ. ಒಂದು ತುದಿಯ ಆಂಟೆನಾವನ್ನು ಸುತ್ತಲಿಗಿಂತ 500 ಮೀಟರ್ ಎತ್ತರದ ನೆತ್ತಿಗೆ ಏರಿಸಿದರೆ ಅದೇ ಲೆಕ್ಕ ನೂರು ಕಿಲೋಮೀಟರ್ ಸಮೀಪಕ್ಕೆ ಹಾರುತ್ತದೆ. (ಹಾಗೆಂದು ಬೆಳ್ತಂಗಡಿಯ ಗಡಾಯಿಕಲ್ಲಿನತ್ತ ಕಣ್ಣು ಹಾಯಿಸಬೇಡ ಮಾರಾಯ, ಅಲ್ಲಿಗೆ ಹತ್ತಲು ಅರಣ್ಯ ಇಲಾಖೆಯನ್ನು ಕೇಳಬೇಕು.) ಇನ್ನು ವ್ಯಾಟ್ ಲೆಕ್ಕ. ಕೈಯಲ್ಲಿ ಹಿಡಿಯುವ ಐದು ವ್ಯಾಟಿನ ಸೆಟ್ಟಿನಿಂದ ಐವತ್ತು ವ್ಯಾಟಿಗೆ ಹೋದರೆ ಹೆಚ್ಚುವುದು ಹತ್ತು ಡೆಸಿಬೆಲ್, ಕೇಳುವವನ ಮೀಟರಿನಲ್ಲಿ ಎರಡು ಗೆರೆಗಿಂತ ಕಡಿಮೆ. ಮುಂದೆ ಗುಡ್ಡ ಅಡ್ಡ ನಿಂತಿದ್ದರೆ ಆ ಎರಡು ಗೆರೆ ಯಾವ ಲೆಕ್ಕಕ್ಕೂ ಇಲ್ಲ. ಈಗ ನಮ್ಮ ಮೂರು ಊರುಗಳನ್ನು ಇದರ ಮೇಲೆ ಇಟ್ಟು ನೋಡು. ಮೂಡುಬಿದಿರೆ ಮುರಕಲ್ಲಿನ ಹರವಿನ ಮೇಲೆ ಕುಳಿತಿದೆ, ಮನೆಯ ತಾರಸಿಯ ಮೇಲೊಂದು ಒಳ್ಳೆಯ ಆಂಟೆನಾ ನಿಲ್ಲಿಸಿದರೆ 145 ಮೆಗಾಹರ್ಟ್ಸ್ ಚೆನ್ನಾಗಿಯೇ ಓಡುತ್ತದೆ. ಬಂಟ್ವಾಳ ನೇತ್ರಾವತಿಯ ದಂಡೆಯ ತಗ್ಗು. 1923ರಲ್ಲಿ ‘ಮಾರಿಬೊಳ್ಳ’ ಎಂದು ಜನ ಹೆಸರಿಟ್ಟ ನೆರೆ, ಮತ್ತೆ 1974ರ ನೆರೆ ಪೇಟೆಯೊಳಗೇ ನುಗ್ಗಿದವು ಎಂದರೆ ಪೇಟೆ ಎಷ್ಟು ತಗ್ಗಿನಲ್ಲಿದೆ ಎಂಬುದು ಗೊತ್ತಾಗುತ್ತದೆ. ಅಲ್ಲಿ ಬೇಕಾದದ್ದು ಎತ್ತರದ ಜಾಗದಲ್ಲಿ, ಕೇಳಿದ್ದನ್ನು ಮರಳಿ ಬಿತ್ತರಿಸುವ ಒಂದು ರಿಪೀಟರ್. ಬೆಳ್ತಂಗಡಿಯ ಮೂಡಣ ಅಂಚು ಇನ್ನೂ ಬೇರೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿದಾಗ, ದಿಡುಪೆ, ಚಾರ್ಮಾಡಿ ಕಡೆಯ ಹಳ್ಳಿಗಳಿಗೆ ಘಟ್ಟದ ನೀರು ಒಮ್ಮೆಗೇ ಇಳಿದು ಬಂದಾಗ, ಅಂಥ ಕಣಿವೆಯೊಳಗಿನಿಂದ ಮಂಗಳೂರಿಗೆ ಮಾತು ದಾಟಿಸಲು ಮೂರಲ್ಲ, ಮೂವತ್ತು ಬ್ಯಾಂಡಿನ ಪೊಲೀಸ್ ಸೆಟ್ಟಿದ್ದರೂ ಗುಡ್ಡ ಬಗ್ಗುವುದಿಲ್ಲ.

ಅಲ್ಲಿ ಗುಡ್ಡ ದಾಟುವುದು ಹ್ಯಾಮ್‌ಗಳ ಇನ್ನೊಂದು ಬ್ಯಾಂಡ್, 7 ಮೆಗಾಹರ್ಟ್ಸ್. ಹಗಲಿನಲ್ಲಿ ಅದರ ಅಲೆಯನ್ನು ನೆಟ್ಟಗೆ ಮೇಲಕ್ಕೆ ಬಿಟ್ಟರೆ ಅಯಾನುಗೋಳಕ್ಕೆ ತಾಗಿ, ಹಂಚಿನ ಮಾಡಿನ ಮೇಲೆ ಬಿದ್ದ ಮಳೆಯಂತೆ, ನಾಲ್ಕೂ ಕಡೆ ಕೆಳಗಿಳಿಯುತ್ತದೆ. ನಡುವಿನ ಗುಡ್ಡ ಅದಕ್ಕೆ ಅಡ್ಡಿಯೇ ಅಲ್ಲ. ಬೇಕಾಗುವ ಆಂಟೆನಾ ಸುಮಾರು ಇಪ್ಪತ್ತು ಮೀಟರ್ ಉದ್ದದ ತಂತಿ, ನಡುವೆ ಕೇಬಲ್, ಎರಡು ತುದಿಗೂ ನೈಲಾನ್ ಹಗ್ಗ. ಎರಡು ಅಡಿಕೆ ಮರ ಸಾಕು, ಅದಕ್ಕೇನೂ ನಮ್ಮಲ್ಲಿ ಬರವಿಲ್ಲ. ಸಂಪರ್ಕ ಕಡಿದುಹೋದ ಹೊತ್ತಿನಲ್ಲಿ ಹ್ಯಾಮ್‌ಗಳು ಕೆಲಸಕ್ಕೆ ಬಂದ ಕಥೆಗಳಲ್ಲಿ ಎಲ್ಲರೂ ನೆನೆಯುವುದು 2004ರ ಡಿಸೆಂಬರ್ 26ರ ಸುನಾಮಿಯನ್ನು. ಆಗ ಪೋರ್ಟ್ ಬ್ಲೇರಿನಲ್ಲಿದ್ದ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿತು. ಅವರ ಕೈಯಲ್ಲಿದ್ದದ್ದು ಸಮುದ್ರ ದಾಟುವ ಶಾರ್ಟ್‌ವೇವ್ ಸೆಟ್ಟು. ಅದಕ್ಕಿಂತ ಮುಖ್ಯವಾಗಿ, ಅಲ್ಲಿಂದ ಮಾತಾಡಲು ಸರ್ಕಾರದ ಅನುಮತಿಯನ್ನು ಅವರು ಮೊದಲೇ ಪಡೆದಿದ್ದರು, ಅವರ ಕಾಲ್‌ಸೈನ್ ಕೇಳಿದ ಕೂಡಲೇ ಯಾರೆಂದು ಗುರುತಿಸುವವರು ಆ ತುದಿಯಲ್ಲಿದ್ದರು.

ಇಷ್ಟು ಹೇಳಿದರೂ ನಿನ್ನ ಕಡೆಯ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆ ಸೆಟ್ಟುಗಳು ನಿಜಕ್ಕೂ ಗಟ್ಟಿ. ಅಗ್ಗದ ಸೆಟ್ಟು ಮೊಬೈಲ್ ಟವರಿನ ಹತ್ತಿರ ಹೋದರೆ ಬೇರೆಯವರ ಸದ್ದಿನಲ್ಲಿ ಮುಳುಗುತ್ತದೆ. ಇದರ ರಿಸೀವರ್ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಘಟ್ಟದ ಧೂಳು, ಅಲುಗಾಟ, ಬಿಸಿಯನ್ನೂ ತಡೆಯುತ್ತದೆ. ಹಾಗಾಗಿ ಲೈಸೆನ್ಸ್ ಕೈಗೆ ಬಂದು, ಕಾಗದ ಸರಿಯಿರುವ ಸೆಟ್ಟೇ ಸಿಕ್ಕಿದರೆ ಬೇಡವೆನ್ನುವುದಿಲ್ಲ. ಆಗ ಮಾಡಬೇಕಾದ ಮೊದಲ ಕೆಲಸ ಸೀರಿಯಲ್ ನಂಬರ್ ನೋಡುವುದು. ಕದ್ದ ಮಾಲೂ, ಮಾರುವವನು ತಂತ್ರಾಂಶದ ಬೀಗ ಮುರಿದ ಮಾಲೂ ಈ ಮಾರುಕಟ್ಟೆಯಲ್ಲಿ ಓಡಾಡುತ್ತಿರುತ್ತವೆ. ಈ ಸೆಟ್ಟುಗಳಲ್ಲಿ ಒಂದೊಂದು ಬ್ಯಾಂಡು, ಒಂದೊಂದು ಸೌಲಭ್ಯವೂ ಆ ನಂಬರಿಗೆ ಮಾರಿದ ಕೀಲಿಯಿಂದ ತೆರೆಯುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಬರೆದಿರುವುದಕ್ಕೂ ಒಳಗೆ ಇರುವುದಕ್ಕೂ ತಾಳೆ ಇರಬೇಕಾಗಿಲ್ಲ. ಕಂಪನಿಯ ತಂತ್ರಾಂಶದಲ್ಲಿ ಒಳಗಿನದನ್ನು ಓದಿಸಿ ತೋರಿಸುವವನಿಂದಲೇ ಕೊಳ್ಳು. ಕೋಡ್‌ಪ್ಲಗ್‌ಗೆ, ಅಂದರೆ ಸೆಟ್ಟಿನ ಚಾನೆಲ್ ಮತ್ತು ಹೊಂದಾಣಿಕೆಗಳ ಕಡತಕ್ಕೆ, ಪಾಸ್‌ವರ್ಡ್ ಇದ್ದು ಅದು ತನಗೆ ಗೊತ್ತಿಲ್ಲವೆನ್ನುವವನನ್ನು ಬಿಟ್ಟುಬಿಡು. ಒಳಗೆ ಎರಡು ಬಗೆಯ ಅಂಕಿಗಳಿರುತ್ತವೆ. ಒಂದು ಕಾರ್ಖಾನೆಯಲ್ಲಿ ಆ ಸೆಟ್ಟಿಗಾಗಿಯೇ ಹೊಂದಿಸಿದ ಟ್ಯೂನಿಂಗ್ ಅಂಕಿ. ಅದನ್ನು ಮುಟ್ಟಬೇಡ, ಪ್ರತಿ ತೆಗೆದಿಡು. ಇನ್ನೊಂದು ಹಿಂದಿನ ಇಲಾಖೆಯ ಚಾನೆಲ್ ಪಟ್ಟಿ, ಅವರ ಟ್ರಂಕಿಂಗ್ ಗುರುತು, ಗೂಢಲಿಪಿಯ ಕೀಲಿ. ಅದೆಲ್ಲವನ್ನೂ ಅಳಿಸು. ನಮ್ಮಲ್ಲಿ ಹ್ಯಾಮ್‌ಗಳು ಗೂಢಲಿಪಿಯಲ್ಲಿ ಮಾತಾಡುವಂತಿಲ್ಲ, ಸರಳ ಭಾಷೆಯಲ್ಲೇ ಮಾತಾಡಬೇಕು ಎಂಬುದು 1978ರ ನಿಯಮಗಳ ಕಾಲದಿಂದ ಬಂದ ಕಟ್ಟಲೆ. ಜನ ಹೆಚ್ಚು ಬೆಲೆ ಕೊಟ್ಟು ಕೊಳ್ಳುವ ಎಇಎಸ್ ಗೂಢಲಿಪಿ ಸೌಲಭ್ಯ ನಿನಗೆ ಅಲಂಕಾರ ಮಾತ್ರ.

ಆಮೇಲೆ 144ರಿಂದ 146, 434ರಿಂದ 438ರ ಒಳಗೆ ಮಾತ್ರ ಟ್ರಾನ್ಸ್‌ಮಿಟ್ ಆಗುವಂತೆ ಚಾನೆಲ್ ಬರೆ, 700 ಮತ್ತು 800ರ ಭಾಗವನ್ನು ಖಾಲಿ ಬಿಡು. ಮುಂಭಾಗದ ಗುಂಡಿಗಳಿಂದಲೇ ಹೊಸ ಚಾನೆಲ್ ಬರೆಯುವ ಸೌಲಭ್ಯವಿದ್ದರೆ ಅದನ್ನೂ ಮುಚ್ಚು. ಕಾರು ಓಡಿಸುತ್ತಾ ತಪ್ಪು ಗುಂಡಿ ಒತ್ತುವ ಕೈ ಎಲ್ಲರಿಗೂ ಇದೆ. ಪವರನ್ನು ನಿನ್ನ ಲೈಸೆನ್ಸಿನ ದರ್ಜೆಗೆ ಬರೆದಿರುವ ಮಿತಿಗೆ ಇಳಿಸು, ಸೆಟ್ಟಿಗೆ ಐವತ್ತು ವ್ಯಾಟ್ ತಾಕತ್ತಿದೆ ಎಂಬುದು ನಿನಗೆ ಅನುಮತಿಯಲ್ಲ. ಇಲ್ಲೊಂದು ಸೂಕ್ಷ್ಮ ಇದೆ, ಹಲವರು ಇದರಲ್ಲಿ ಎಡವುತ್ತಾರೆ. 2013ರ ಜನವರಿ 1ರಿಂದ ಅಮೆರಿಕದಲ್ಲಿ ಸೆಟ್ಟಿನ ಕೆಳಗಿನ ಎರಡು ಬ್ಯಾಂಡುಗಳ ಬಹುಪಾಲು ಇಲಾಖೆಗಳು 25 ಕಿಲೋಹರ್ಟ್ಸ್ ಬಿಟ್ಟು 12.5ಕ್ಕೆ ಇಳಿಯಬೇಕಾಯಿತು. ಹಾಗಾಗಿ ಸೆಟ್ಟು ಅಗಲದ ಚಾನೆಲ್ ತೆರೆಯಲು ಪ್ರತ್ಯೇಕ ಕೀಲಿ ಕೇಳಬಹುದು. ರಿಪೀಟರ್ ಹಳೆಯ ಅಗಲದ ಎಫ್‌ಎಂನಲ್ಲಿದ್ದು ನೀನು ಕಿರಿದಾದದ್ದರಲ್ಲಿ ಮಾತಾಡಿದರೆ ನಿನ್ನ ದನಿ ಬಾವಿಯೊಳಗಿನಿಂದ ಬಂದಷ್ಟು ಕ್ಷೀಣ, ಅವರ ದನಿ ನಿನಗೆ ಒಡೆದ ದನಿ. ಸೆಟ್ಟು ಕೆಟ್ಟಿದೆಯೆಂದು ಬಿಚ್ಚುವ ಮೊದಲು ಇದನ್ನು ನೋಡು. ಪಿ25 ಎಂಬ ಡಿಜಿಟಲ್ ವಿಧಾನದ ವಿಷಯಕ್ಕೆ ಹೆಚ್ಚು ಶಾಯಿ ಬೇಡ. ಅದರಲ್ಲಿ ಮಾತಾಡಲು ಇನ್ನೊಬ್ಬನ ಹತ್ತಿರವೂ ಅಂಥದೇ ಸೆಟ್ಟಿರಬೇಕು.

ದುಡ್ಡು ಉಳಿದರೆ ಕೇಬಲ್ಲಿಗೆ ಹಾಕು. ಮನೆಯಲ್ಲಿ ತೆಳ್ಳಗಿನ ಆರ್‌ಜಿ-58 ಹತ್ತು ಮೀಟರ್ ಎಳೆದರೆ 435 ಮೆಗಾಹರ್ಟ್ಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಪವರ್ ಕೇಬಲ್ಲಿನಲ್ಲೇ ಬಿಸಿಯಾಗಿ ಹೋಗುತ್ತದೆ. ಕಾರಿನ ಮಾಡಿನ ಮಧ್ಯೆ ಸುಮಾರು ಅರ್ಧ ಮೀಟರಿನ ಒಂದು ಕಡ್ಡಿ ಸಾಕು: 145ಕ್ಕೆ ಅದು ಕಾಲು ಅಲೆ, 435 ಅದರ ಮೂರು ಪಟ್ಟಾದ್ದರಿಂದ ಅಲ್ಲಿಗೆ ಮುಕ್ಕಾಲು ಅಲೆ, ಎರಡು ಬ್ಯಾಂಡಿಗೂ ಒಂದೇ ಕಡ್ಡಿ ಒದಗುತ್ತದೆ. ಪೂರ್ತಿ ಪವರಿನಲ್ಲಿ ಸೆಟ್ಟು ಹದಿನೈದು ಆಂಪಿಯರ್ ಹತ್ತಿರ ಎಳೆಯಬಹುದು, ಅದನ್ನು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಬೇಡ. ಬ್ಯಾಟರಿಯಿಂದಲೇ ದಪ್ಪ ವಯರ್, ಬ್ಯಾಟರಿಯ ಬುಡದಲ್ಲೇ ಫ್ಯೂಸ್. ಮನೆಯ ಆಂಟೆನಾ ಇದ್ದರೆ ಏಪ್ರಿಲ್, ಮೇ, ಅಕ್ಟೋಬರ್ ತಿಂಗಳ ಗುಡುಗಿಗೆ ಕೇಬಲನ್ನು ಸೆಟ್ಟಿನಿಂದ ಕಳಚಿ ಹೊರಗಿಡು. ಒಣಗಿದ ಮುರಕಲ್ಲಿನಲ್ಲಿ ನೆಟ್ಟ ಅರ್ಥಿಂಗ್ ಕಂಬಿಯನ್ನು ಹೆಚ್ಚು ನಂಬಬಾರದು.

ಇನ್ನು ಕೊನೆಗೆ ಬರುವ, ಎಲ್ಲರೂ ತೆಗೆಯುವ ವಾದ: ಜೀವ ಹೋಗುವ ಹೊತ್ತಿನಲ್ಲಿ ಲೈಸೆನ್ಸ್ ಯಾರು ಕೇಳುತ್ತಾರೆ, ಪೊಲೀಸರ ಚಾನೆಲ್ಲಿನಲ್ಲೇ ಕೂಗಿದರೆ ಸಹಾಯ ಬೇಗ ಬರುವುದಿಲ್ಲವೇ? ಭಾವನೆ ಒಳ್ಳೆಯದೇ, ಆದರೆ ಎಫ್‌ಎಂನ ಸ್ವಭಾವ ಇದಕ್ಕೆ ವಿರುದ್ಧ. ಒಂದೇ ಚಾನೆಲ್ಲಿನಲ್ಲಿ ಇಬ್ಬರು ಮಾತಾಡಿದರೆ ರಿಸೀವರ್ ಬಲವಾದದ್ದನ್ನು ಹಿಡಿದು ದುರ್ಬಲವಾದದ್ದನ್ನು ನುಂಗಿಬಿಡುತ್ತದೆ. ನೆರೆಯಲ್ಲಿ ಸೊಂಟದ ನೀರಿನಲ್ಲಿ ನಿಂತ ರಕ್ಷಣಾ ಸಿಬ್ಬಂದಿಯ ಕೈಯಲ್ಲಿ ಇರುವುದು ಐದು ವ್ಯಾಟಿನ ಸೆಟ್ಟು. ಅಲ್ಲೇ ಪಕ್ಕದ ರಸ್ತೆಯಲ್ಲಿ ನಿಂತ ನಿನ್ನ ಕಾರು ಐವತ್ತು ವ್ಯಾಟ್ ಬಿಟ್ಟರೆ, ಅವನ ಸಹಾಯದ ಕೂಗನ್ನು ನೀನು ಅಳಿಸಿದಂತೆ, ಅಳಿಸಿದ್ದು ನಿನಗೆ ಗೊತ್ತೂ ಆಗುವುದಿಲ್ಲ. ಅತ್ತ ಕಂಟ್ರೋಲ್ ರೂಮಿನವರು ಕಾಲ್‌ಸೈನ್ ಇಲ್ಲದ ದನಿಯನ್ನು ನಂಬುವುದಕ್ಕಿಂತ ಅದು ಯಾರದೆಂದು ಹುಡುಕುವುದೇ ಹೆಚ್ಚು. ‘ಪೊಲೀಸರದನ್ನು ಬರೀ ಕೇಳುತ್ತೇನೆ’ ಎನ್ನುವುದಕ್ಕೂ ಕಾನೂನಿನ ರಕ್ಷಣೆ ಇಲ್ಲ. ಬೇರೆಯವರ ಸಂದೇಶವನ್ನು ಅನಧಿಕೃತವಾಗಿ ಅಡ್ಡಹಿಡಿಯುವುದನ್ನು 2023ರ ಕಾಯ್ದೆಯೂ ಅಪರಾಧವೆಂದೇ ಎಣಿಸುತ್ತದೆ.

ಆದ್ದರಿಂದ ನನ್ನ ಮಾತು ಕೇಳುವುದಾದರೆ ಕೆಲಸದ ಸರದಿಯನ್ನು ಬದಲಿಸು. ಹನ್ನೆರಡು ವರ್ಷ ದಾಟಿದವರು ಯಾರಾದರೂ ಹ್ಯಾಮ್ ಪರೀಕ್ಷೆಗೆ ಕೂರಬಹುದು. ರೆಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಕಾಗಿಲ್ಲ. ಸರಳ ಸಂಚಾರ್ ಪೋರ್ಟಲ್ಲಿನಲ್ಲಿ ಅರ್ಜಿ ಹಾಕು. ಫಲಿತಾಂಶ, ಕಾಲ್‌ಸೈನ್ ಬರುವವರೆಗಿನ ಬಿಡುವಿನಲ್ಲಿ 7 ಮೆಗಾಹರ್ಟ್ಸ್‌ನ ರಿಸೀವರ್ ಕಟ್ಟಿ, ತೋಟದಲ್ಲಿ ಆ ಇಪ್ಪತ್ತು ಮೀಟರ್ ತಂತಿ ಎಳೆದು, ಮಧ್ಯಾಹ್ನ ಯಾವ ಊರು ಕೇಳುತ್ತದೆ, ಸಂಜೆಗೆ ಯಾವುದು ಮಾಯವಾಗುತ್ತದೆ ಎಂದು ಬರೆದಿಡು. ದಿಡುಪೆಯ ಕಡೆ ನೆಂಟರಿದ್ದರೆ ಆ ತಂತಿಯನ್ನು ಅಲ್ಲಿಯೂ ಕಟ್ಟಿ ನೋಡು. ಲೈಸೆನ್ಸ್ ಬಂದ ಮೇಲೂ ಪೊಲೀಸ್ ಸೆಟ್ಟೇ ಬೇಕೆನಿಸಿದರೆ, ಮಾರುವವನ ಕಾಗದಗಳ ಪ್ರತಿ ಮತ್ತು ಸೀರಿಯಲ್ ನಂಬರ್ ಜೊತೆಗೆ ಬರೆ. ಕೊಳ್ಳುವ ಮೊದಲು ಬರೆ, ಕೊಂಡ ಮೇಲಲ್ಲ.