ಗಡುವು ಸಡಿಲಿಸಿ, ಮಟ್ಟವನ್ನಲ್ಲ

ಪ್ರಶ್ನೆ: ನನಗೆ 29 ವರ್ಷ. ಸಂಜೆ ಕಾಲೇಜೊಂದರಲ್ಲಿ ಬಿ.ಕಾಂ.ಗೆ ಅಕೌಂಟ್ಸ್ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ವಿದ್ಯಾರ್ಥಿಗಳೆಲ್ಲ ಹಗಲು ದುಡಿದು ಬರುವವರು, ಹಲವರು ನನಗಿಂತ ದೊಡ್ಡವರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಿಲ್ಲಿಂಗ್ ನೋಡಿಕೊಳ್ಳುವ 44 ವರ್ಷದ ಒಬ್ಬರಿಗೆ ಮೊದಲ ಟೆಸ್ಟ್‌ನಲ್ಲಿ 20ಕ್ಕೆ 6 ಬಂತು. ‘ಡಿಗ್ರಿ ಆದ್ರೆ ಸೀನಿಯರ್ ಪೋಸ್ಟ್ ಸಿಗುತ್ತೆ ಮೇಡಂ, ಇಂಟರ್ನಲ್ಸ್ ನಿಮ್ಮ ಕೈಲೇ ಇದೆಯಲ್ಲ’ ಎಂದು ಕೈಮುಗಿದರು. ಆಗಲ್ಲ ಎಂದೆ. ಅಂದಿನಿಂದ ತರಗತಿಗೇ ಬಂದಿಲ್ಲ. ‘ಪಾಪ, ದುಡಿಯೋರು, ಹಾಕ್ಬಿಡಿ’ ಅನ್ನುತ್ತಾರೆ ಸಹೋದ್ಯೋಗಿಗಳು. ನಿದ್ದೆ ಬರುತ್ತಿಲ್ಲ. ನನ್ನದು ಕಲ್ಲುಮನಸ್ಸೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಕಲ್ಲುಮನಸ್ಸಿನವರಿಗೆ ಇದರಿಂದ ನಿದ್ದೆ ಕೆಡುವುದಿಲ್ಲ. ವಯಸ್ಸಿನಲ್ಲಿ ಹಿರಿಯರೊಬ್ಬರು ಎದುರು ನಿಂತು ಕೈಮುಗಿದರೆ ನಮಗೆ ಮೈ ಮುದುಡುತ್ತದೆ. ಹಿರಿಯರ ಕೈಯಿಂದ ಹಾಗೆ ಮಾಡಿಸಿಕೊಳ್ಳಬಾರದು ಎಂದೇ ಬೆಳೆದವರು ನಾವು. ಅಂಥ ಹೊತ್ತಿನಲ್ಲಿ ‘ಆಗಲ್ಲ’ ಅಂದಿದ್ದೀರಿ. ಅದು ಸುಲಭದ ಮಾತಲ್ಲ, ತಪ್ಪು ಮಾತೂ ಅಲ್ಲ. ನಿಮ್ಮ ಹಾಗೆ ಸಂಜೆ ಪಾಠ ಮಾಡುವ ಬಹಳ ಜನ ಇದೇ ಸಂಕಟವನ್ನು ಒಳಗೇ ನುಂಗಿಕೊಂಡಿರುತ್ತಾರೆ.

ಆ ವಿದ್ಯಾರ್ಥಿಯ ಕಡೆಯಿಂದಲೂ ಒಂದು ಗಳಿಗೆ ನೋಡೋಣ. ಇಪ್ಪತ್ತು ವರ್ಷ ಬಿಟ್ಟು ಮತ್ತೆ ಬೆಂಚಿನ ಮೇಲೆ ಕೂತವರಿಗೆ ಕಡಿಮೆ ಅಂಕ ಬರೀ ಅಂಕವಾಗಿ ಕಾಣುವುದಿಲ್ಲ. ಚಿಕ್ಕಂದಿನಲ್ಲಿ ಯಾರೋ ಮೇಷ್ಟ್ರು ‘ದಡ್ಡ’ ಅಂದದ್ದು ನಿಜವಾಯಿತೇನೋ ಎಂಬ ಭಯ ಹುಟ್ಟುತ್ತದೆ. ಮನೆಯಲ್ಲಿ ಪಿಯುಸಿ ಓದುವ ಮಗನೋ ಮಗಳೋ ಇದ್ದರಂತೂ ಕೇಳುವುದೇ ಬೇಡ. ಅವರು ತರಗತಿ ಬಿಟ್ಟದ್ದು ನಿಮ್ಮ ಮೇಲಿನ ಸಿಟ್ಟಿಗಿಂತ ನಾಚಿಕೆಗೇ ಇರಬಹುದು ಎಂದು ನನಗನ್ನಿಸುತ್ತದೆ.

ಪಾಪ ಎಂದು ಅಂಕ ಹಾಕುವವರೂ ರೂಲ್ ಅಂದರೆ ರೂಲ್ ಎನ್ನುವವರೂ ಬೇರೆ ಬೇರೆ ಜಾತಿಯವರಂತೆ ಕಾಣುತ್ತಾರೆ. ಆದರೆ ಈ ವ್ಯಕ್ತಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಇಬ್ಬರೂ ನೋಡುವುದಿಲ್ಲ. ಅವರು ಬಯಸುವ ಸೀನಿಯರ್ ಪೋಸ್ಟ್‌ನಲ್ಲಿ ಬ್ಯಾಲೆನ್ಸ್ ಶೀಟ್ ತಾಳೆಯಾಗದಿದ್ದರೆ ಉತ್ತರ ಕೊಡಬೇಕಾದವರು ಅವರೇ. ಅಲ್ಲಿ ಯಾರೂ ಎರಡನೇ ಟೆಸ್ಟ್ ಇಡುವುದಿಲ್ಲ. ಆದ್ದರಿಂದ ಸುಮ್ಮನೆ ಅಂಕ ಹಾಕದಿರುವ ನಿಮ್ಮ ನಿಲುವು ಸರಿ.

ಆದರೆ ಆ 6 ಅಂಕ ಅಳೆದದ್ದು ಏನನ್ನು? ಇದನ್ನು ಮಾತ್ರ ಸಮಾಧಾನವಾಗಿ ಯೋಚಿಸಿ. ಅವರು ದಿನವೂ ಟ್ಯಾಲಿಯಲ್ಲಿ ಬಿಲ್ ಹಾಕುವವರು. ಯಾವ ಬಿಲ್ಲಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತದೆ, ಯಾವುದಕ್ಕಿಲ್ಲ ಎಂದು ಕೇಳಿದರೆ ನಿಮಗಿಂತ ಬೇಗ ಹೇಳಿಯಾರು. ಲೆಡ್ಜರ್‌ಗೆ ಏರಿಸುವ ಕೆಲಸವನ್ನೆಲ್ಲ ಅಲ್ಲಿ ಸಾಫ್ಟ್‌ವೇರೇ ಮುಗಿಸಿಬಿಡುತ್ತದೆ. ಅದನ್ನೇ ಗೆರೆ ಎಳೆದು, ನರೇಶನ್ ಬರೆದು, ಒಂದು ಗಂಟೆಯಲ್ಲಿ ಮುಗಿಸಿ ಎಂದರೆ ಕೈ ಓಡುವುದಿಲ್ಲ. ಗೊತ್ತಿಲ್ಲದ್ದೆಷ್ಟು, ಬರೆಯಲಾಗದ್ದೆಷ್ಟು ಎಂದು ಬಿಡಿಸಿ ನೋಡಿದರೆ ನಿಮ್ಮ ಅರ್ಧ ಕಷ್ಟ ಇಳಿಯುತ್ತದೆ.

ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1968ರಲ್ಲಿ ಹೇಳಿದ ವಿಚಾರ ಸಂಜೆ ಕಾಲೇಜಿಗೆ ಚೆನ್ನಾಗಿ ಹೊಂದುತ್ತದೆ. ಎಲ್ಲರಿಗೂ ಒಂದೇ ಸಮಯ ಕೊಟ್ಟರೆ ಕಲಿಕೆ ಹೆಚ್ಚುಕಡಿಮೆಯಾಗುತ್ತದೆ. ಕಲಿಕೆಯ ಮಟ್ಟ ಒಂದೇ ಇರಬೇಕಾದರೆ ಸಮಯವನ್ನು ಹಿಗ್ಗಿಸಬೇಕು. ವಯಸ್ಕರ ಶಿಕ್ಷಣದ ಬಗ್ಗೆ ಬಹಳ ಬರೆದ ಮಾಲ್ಕಮ್ ನೋಲ್ಸ್ ಅವರ ಮಾತು ಇನ್ನೊಂದು: ದೊಡ್ಡವರು ಬರಿಗೈಯಲ್ಲಿ ಬರುವುದಿಲ್ಲ, ಅನುಭವ ಹೊತ್ತು ಬರುತ್ತಾರೆ, ಕಲಿತದ್ದು ನಾಳೆಯ ಕೆಲಸಕ್ಕೆ ಬರಬೇಕೆಂದು ಬಯಸುತ್ತಾರೆ.

ಹಾಗಾದರೆ ಏನು ಮಾಡಬಹುದು? ಮೊದಲು ಕ್ಯಾಲೆಂಡರ್ ನೋಡಿ, ಆ ಟೆಸ್ಟ್ ಯಾವ ದಿನ ಇತ್ತು? ಅಕೌಂಟ್ಸ್ ಕೆಲಸದವರಿಗೆ ತಿಂಗಳ 7 ಟಿಡಿಎಸ್ ಕಟ್ಟುವ ದಿನ, 11 ಜಿಎಸ್‌ಟಿಆರ್-1ರ ಕೊನೆ ದಿನ, 20 ಜಿಎಸ್‌ಟಿಆರ್-3ಬಿ. ಆ ಹಿಂದುಮುಂದಿನ ದಿನಗಳಲ್ಲಿ ಟೆಸ್ಟ್ ಇಟ್ಟರೆ ನೀವು ಅಳೆಯುವುದು ಅವರ ಸುಸ್ತನ್ನು. ಮುಂದಿನ ಟೆಸ್ಟ್‌ನ ದಿನವನ್ನು ತರಗತಿಯಲ್ಲೇ ಕೇಳಿ ಗೊತ್ತುಮಾಡಿ. (ಪ್ರಶ್ನೆಪತ್ರಿಕೆಯ ಅಕ್ಷರವನ್ನೂ ತುಸು ದೊಡ್ಡದು ಮಾಡಿ. ನಲವತ್ತು ದಾಟಿದವರು ಟ್ಯೂಬ್‌ಲೈಟಿನ ಕೆಳಗೆ ಹಾಳೆಯನ್ನು ದೂರ ಹಿಡಿದು ಓದುವುದು ನಿಮ್ಮ ವಯಸ್ಸಿಗೆ ಕಣ್ಣಿಗೆ ಬೀಳಲಿಕ್ಕಿಲ್ಲ.)

ಅಸೈನ್‌ಮೆಂಟನ್ನು ಅವರ ಕೆಲಸದಿಂದಲೇ ಎತ್ತಿಕೊಳ್ಳಿ. ಕಂಪನಿಯ ಹೆಸರು, ಮೊತ್ತ ಬದಲಿಸಿದ ಐದು ಬಿಲ್‌ಗಳಿಗೆ ಕೈಯಲ್ಲಿ ಜರ್ನಲ್ ಎಂಟ್ರಿ ಬರೆದು, ಯಾಕೆ ಹೀಗೆ ಬರೆದೆ ಎಂದು ಬಾಯಲ್ಲಿ ವಿವರಿಸಲಿ, ಕನ್ನಡದಲ್ಲೇ. ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಮೊದಲೇ ಬೋರ್ಡಿನ ಮೇಲೆ ಬರೆದುಬಿಡಿ. ಮೊದಲ ಸಲ ತಪ್ಪಿದ್ದನ್ನು ತಿದ್ದಿ ಮತ್ತೆ ಒಪ್ಪಿಸಲು ಎರಡು ವಾರ ಕೊಡಿ. ಸರಿಯಾಗಿದ್ದರೆ ಪೂರ್ತಿ ಅಂಕ ಕೊಡಿ, ತಡವಾಯಿತೆಂದು ಕಡಿಯಬೇಡಿ. ಇಷ್ಟೇ ಷರತ್ತು: ಈ ಅವಕಾಶ ತರಗತಿಯ ಎಲ್ಲರಿಗೂ ಇರಬೇಕು, ಕೈಮುಗಿದವರಿಗೆ ಮಾತ್ರವಲ್ಲ. ಇಂಟರ್ನಲ್ಸ್ ನಿಯಮ ವಿಶ್ವವಿದ್ಯಾಲಯದ್ದಾದ್ದರಿಂದ ಮೊದಲು ವಿಭಾಗದ ಮುಖ್ಯಸ್ಥರನ್ನು ಕೇಳಿ, ಅವರ ಒಪ್ಪಿಗೆ ಬರಹದಲ್ಲಿರಲಿ. ಅತಿಥಿ ಉಪನ್ಯಾಸಕರಿಗೆ ಇದು ಇನ್ನೂ ಮುಖ್ಯ, ನಾಳೆ ಮಾತು ಬಂದರೆ ನೀವು ಒಂಟಿಯಾಗಬಾರದು.

ಆಮೇಲೆ ಆ ವಿದ್ಯಾರ್ಥಿಗೊಂದು ಫೋನ್ ಮಾಡಿ. ವಾಟ್ಸಾಪ್ ಗ್ರೂಪಿನಲ್ಲಿ ಕರೆಯಬೇಡಿ. ‘ಸರ್, ನಿಮಗೆ ಕೆಲಸ ಬರುತ್ತೆ, ಅದನ್ನ ಪೇಪರ್ ಮೇಲೆ ತರೋದಷ್ಟೇ ಬಾಕಿ. ಗುರುವಾರ ಕಾಲು ಗಂಟೆ ಮುಂಚೆ ಬನ್ನಿ, ನಿಮ್ಮ ಪೇಪರ್ ಇಬ್ರೂ ಕೂತು ನೋಡೋಣ’ ಎನ್ನಿ. ಅಂಕದ ಮಾತು ಮತ್ತೆ ತೆಗೆದರೆ ‘ಅಂಕ ನಾನು ಕೊಡಕ್ಕಾಗಲ್ಲ, ಗಳಿಸೋಕೆ ದಾರಿ ಮಾಡ್ಕೊಡ್ತೀನಿ’ ಎಂದು ಮೆತ್ತಗೆ ಹೇಳಿ ಅಲ್ಲಿಗೇ ನಿಲ್ಲಿಸಿ. ಇಷ್ಟಾದ ಮೇಲೂ ಅವರು ಬರದೆ ಇರಬಹುದು. ಮನೆ, ಶಿಫ್ಟು, ಸಾಲ, ಕಾರಣ ಏನೂ ಇದ್ದೀತು, ಅದೆಲ್ಲ ನಿಮ್ಮ ಹೆಗಲ ಮೇಲಿನದಲ್ಲ.

ಇನ್ನು ನಿಮ್ಮ ನಿದ್ದೆ. ಎರಡು ವಾರ ಕಳೆದರೂ ಹೀಗೇ ಇದ್ದರೆ, ಊಟ ಸೇರದೆ ಪಾಠಕ್ಕೆ ಹೋಗುವುದೇ ಭಾರವೆನಿಸಿದರೆ, ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ವರ್ಷಕ್ಕೆ ಕಾಂಟ್ರ್ಯಾಕ್ಟ್ ಇರುತ್ತದೋ ಇಲ್ಲವೋ ಎಂಬ ಚಿಂತೆಯೂ ಈ ನಿದ್ದೆಗೇಡಿನಲ್ಲಿ ಸೇರಿಕೊಂಡಿದ್ದರೆ ಅದನ್ನೂ ಅವರ ಹತ್ತಿರ ಹೇಳಿ.