ಗಂಟೆಯ ವೇಗ, ಸೆಕೆಂಡಿನ ಲೆಕ್ಕ



ಬೈಕಿನ ಮೀಟರ್ ವೇಗವನ್ನು 'ಗಂಟೆಗೆ ಇಷ್ಟು ಕಿಲೋಮೀಟರ್' ಎಂದು ತೋರಿಸುತ್ತದೆ. ವಿಜ್ಞಾನದ ಪುಸ್ತಕ ಅದನ್ನೇ 'ಸೆಕೆಂಡಿಗೆ ಇಷ್ಟು ಮೀಟರ್' ಎನ್ನುತ್ತದೆ. ನಮ್ಮ ಮನೆಯಲ್ಲಿ ವೇಗಕ್ಕೆ 'ರಫ್ತಾರ್' ಅನ್ನುತ್ತೇವೆ, ಕಾಲೇಜಿನಲ್ಲಿ 'ವೇಗ' ಎಂದು ಬರೆಯುತ್ತೇವೆ. ಮಾತು ಬೇರೆಯಾದರೂ ವಸ್ತು ಒಂದೇ. ಮಾನಗಳ ಕಥೆಯೂ ಹಾಗೆಯೇ. ಇದು ವಿಜ್ಞಾನ ವಿಭಾಗದವರ ಪಾಠ, ನಮಗೇಕೆ ಎಂದು ಕಾಮರ್ಸ್‌ನ ಗೆಳೆಯರು ಕೇಳಬಹುದು. ಬ್ಯಾಂಕ್ ಪರೀಕ್ಷೆಗಳಲ್ಲಿ ರೈಲಿನ ಲೆಕ್ಕ ಬರುತ್ತದೆ ಎಂಬುದು ಒಂದು ಕಾರಣ. ದಿನವೂ ನಾವು ದಾಟುವ ರಸ್ತೆ ಅದಕ್ಕಿಂತ ದೊಡ್ಡ ಕಾರಣ.

ಸೂತ್ರ ಎಲ್ಲಿಂದ ಬಂತು?

ಮೆಕ್ಕೆಜೋಳದ ದರ ಕ್ವಿಂಟಲ್‌ಗೆ 2,000 ರೂಪಾಯಿ ಇದ್ದರೆ ಕೆ.ಜಿ.ಗೆ 20 ರೂಪಾಯಿ. ಒಂದು ಕ್ವಿಂಟಲ್ ಎಂದರೆ 100 ಕೆ.ಜಿ. ಆದ್ದರಿಂದ 100ರಿಂದ ಭಾಗಿಸಿದೆವು. ವೇಗವೂ ಒಂದು ದರವೇ. ಆದರೆ ಇಲ್ಲಿ ಮೇಲಿನ ಮಾನ, ಕೆಳಗಿನ ಮಾನ ಎರಡೂ ಬದಲಾಗುತ್ತವೆ.

1 ಕಿ.ಮೀ. = 1000 ಮೀಟರ್
1 ಗಂಟೆ = 60 × 60 = 3600 ಸೆಕೆಂಡ್

ಆದ್ದರಿಂದ ಗಂಟೆಗೆ 1 ಕಿ.ಮೀ. ಎಂದರೆ ಸೆಕೆಂಡಿಗೆ 1000/3600 ಮೀಟರ್. ಇದನ್ನು ಸಂಕ್ಷೇಪಿಸಿದರೆ 5/18. ಹಾಗಾಗಿ ಕಿ.ಮೀ.ಯಿಂದ ಮೀಟರ್‌ಗೆ ಬರಲು 5/18ರಿಂದ ಗುಣಿಸಬೇಕು. ಹಿಂದಕ್ಕೆ ಹೋಗಲು 18/5ರಿಂದ, ಅಂದರೆ 3.6ರಿಂದ ಗುಣಿಸಬೇಕು. ಯಾವುದು ಯಾವುದಕ್ಕೆ ಎಂಬ ಗೊಂದಲ ಬಂದರೆ ಒಂದು ಗುರುತು ನೆನಪಿಡಿ: ಮೀಟರ್/ಸೆಕೆಂಡ್‌ನ ಅಂಕಿ ಯಾವಾಗಲೂ ಚಿಕ್ಕದು.

18ರ ಮಗ್ಗಿ ಬಂದರೆ ಕಾಗದವೇ ಬೇಡ:

ಗಂಟೆಗೆ 18 ಕಿ.ಮೀ. = ಸೆಕೆಂಡಿಗೆ 5 ಮೀಟರ್
36 ಕಿ.ಮೀ. = 10 ಮೀಟರ್
54 ಕಿ.ಮೀ. = 15 ಮೀಟರ್
72 ಕಿ.ಮೀ. = 20 ಮೀಟರ್
90 ಕಿ.ಮೀ. = 25 ಮೀಟರ್

ಕಂಬಳದ ಓಟ

2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಅವರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ದೇಶದಲ್ಲೆಲ್ಲ ಹರಡಿತು. 142.5ನ್ನು 13.62ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 10.46 ಮೀಟರ್. 3.6ರಿಂದ ಗುಣಿಸಿದರೆ ಗಂಟೆಗೆ ಸುಮಾರು 37.7 ಕಿ.ಮೀ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದರು. ಅದು ಸೆಕೆಂಡಿಗೆ ಸುಮಾರು 10.44 ಮೀಟರ್, ಗಂಟೆಗೆ 37.6 ಕಿ.ಮೀ.

ಹಾಗಾದರೆ ಗೌಡರು ಬೋಲ್ಟ್‌ಗಿಂತ ವೇಗವೇ? ಪತ್ರಿಕೆಗಳಲ್ಲಿ ಬಂದ '100 ಮೀಟರ್‌ಗೆ 9.55 ಸೆಕೆಂಡ್' ಎಂಬುದು ಗಡಿಯಾರದಲ್ಲಿ ಅಳೆದದ್ದಲ್ಲ, ಪ್ರಮಾಣದ ಲೆಕ್ಕದಿಂದ ತೆಗೆದದ್ದು. ಒಬ್ಬರು ಕೆಸರುಗದ್ದೆಯಲ್ಲಿ ಕೋಣಗಳ ಜೊತೆ ಓಡಿದರು, ಇನ್ನೊಬ್ಬರು ಟ್ರ್ಯಾಕಿನಲ್ಲಿ ಓಡಿದರು. ಮಾನ ಒಂದಾದರೆ ಅಂಕಿಗಳನ್ನು ಹೋಲಿಸಬಹುದು, ಆದರೆ ಓಟಗಳನ್ನು ಹೋಲಿಸಲು ಅಷ್ಟೇ ಸಾಲದು.

ರಸ್ತೆ ದಾಟುವ ಲೆಕ್ಕ

ಈಗ ನಮ್ಮ ವಿಷಯಕ್ಕೆ ಬರೋಣ. ಮಾಸೂರಿನಿಂದ ಹಿರೇಕೆರೂರು, ರಟ್ಟಿಹಳ್ಳಿ, ಶಿಕಾರಿಪುರದ ಕಡೆ ಬಸ್ಸು, ಟ್ರ್ಯಾಕ್ಟರ್, ಬೈಕು ಓಡುತ್ತಲೇ ಇರುತ್ತವೆ. ಮದಗದ ಕೆರೆ ಕೋಡಿ ಬಿದ್ದಾಗ ನೋಡಲು ಬರುವವರ ಗಾಡಿಗಳೂ ಸೇರುತ್ತವೆ. ರಸ್ತೆಯ ಅಗಲ 7 ಮೀಟರ್ ಎಂದಿಟ್ಟುಕೊಳ್ಳಿ. ನಾವು ಗಂಟೆಗೆ 4.5 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 1.25 ಮೀಟರ್ ನಡೆದರೆ ದಾಟಲು 7 ÷ 1.25 = 5.6 ಸೆಕೆಂಡ್ ಬೇಕು.

ಗಾಡಿ 100 ಮೀಟರ್ ದೂರದಲ್ಲಿದೆ. ಕ್ರೀಡಾಕೂಟದ ನೂರು ಮೀಟರ್ ಓಟದಷ್ಟು ದೂರ. 'ಇನ್ನೂ ದೂರ ಇದೆ' ಅನಿಸುತ್ತದೆ. ಲೆಕ್ಕ ನೋಡಿ:

36 ಕಿ.ಮೀ. ವೇಗದ ಗಾಡಿ: 100 ÷ 10 = 10 ಸೆಕೆಂಡ್. ಆರಾಮವಾಗಿ ದಾಟಬಹುದು.
54 ಕಿ.ಮೀ.: 100 ÷ 15 = ಸುಮಾರು 6.7 ಸೆಕೆಂಡ್. ಉಳಿಯುವುದು ಒಂದೇ ಸೆಕೆಂಡ್.
72 ಕಿ.ಮೀ.: 100 ÷ 20 = 5 ಸೆಕೆಂಡ್. ನಾವಿನ್ನೂ ರಸ್ತೆಯ ಮೇಲೆಯೇ ಇರುತ್ತೇವೆ.

ದೂರ ಒಂದೇ, ನಡಿಗೆ ಒಂದೇ. ಕಣ್ಣಿಗೆ ದೂರ ಕಾಣುತ್ತದೆ, ವೇಗ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅಪಾಯ ಇರುವುದು ಅಲ್ಲಿಯೇ.

ಸವಾರನ ಲೆಕ್ಕ

ಬೈಕ್ ಓಡಿಸುವವರು 'ಬ್ರೇಕ್ ಹಾಕಿದರಾಯ್ತು' ಎನ್ನುತ್ತಾರೆ. ಕಂಡದ್ದನ್ನು ಅರಿತು ಬ್ರೇಕ್ ಒತ್ತಲು 1 ಸೆಕೆಂಡ್ ಎಂದಿಟ್ಟುಕೊಳ್ಳೋಣ. ಬ್ರೇಕಿನಿಂದ ಪ್ರತಿ ಸೆಕೆಂಡಿಗೆ ವೇಗ 5 ಮೀ./ಸೆ. ಇಳಿಯುತ್ತದೆ ಎನ್ನೋಣ. ಆಗ ಬ್ರೇಕಿನ ದೂರ = ವೇಗದ ವರ್ಗ ÷ 10.

36 ಕಿ.ಮೀ. ವೇಗದಲ್ಲಿ: 10 + 10 = 20 ಮೀಟರ್
72 ಕಿ.ಮೀ. ವೇಗದಲ್ಲಿ: 20 + 40 = 60 ಮೀಟರ್

ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟು, ಈ ಲೆಕ್ಕದಲ್ಲಿ ಒಟ್ಟು ದೂರ ಮೂರು ಪಟ್ಟು. ಮಳೆಗೆ ರಸ್ತೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಮೀಟರಿನಲ್ಲಿ 72 ಎಂಬ ಅಂಕಿ ಸಾಮಾನ್ಯವಾಗಿ ಕಾಣುತ್ತದೆ. ಅದನ್ನೇ 'ಸೆಕೆಂಡಿಗೆ 20 ಮೀಟರ್' ಎಂದು ಓದಿಕೊಂಡರೆ ಕೈ ತಾನಾಗಿಯೇ ಎಕ್ಸಲೇಟರ್ ಸಡಿಲಿಸುತ್ತದೆ.

ನೀವೇ ಮಾಡಿ

1. ಗಂಟೆಗೆ 54 ಕಿ.ಮೀ. ವೇಗದ 180 ಮೀಟರ್ ಉದ್ದದ ರೈಲು ಒಂದು ಕಂಬವನ್ನು ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆ?
2. ಅದೇ ರೈಲು 120 ಮೀಟರ್ ಪ್ಲಾಟ್‌ಫಾರ್ಮನ್ನು ದಾಟಲು ಎಷ್ಟು ಸಮಯ ಬೇಕು?
3. ಕಾಲುವೆಯ ನೀರಿನಲ್ಲಿ ಎಲೆಯೊಂದು 10 ಮೀಟರ್ ತೇಲಲು 25 ಸೆಕೆಂಡ್ ತೆಗೆದುಕೊಂಡರೆ ನೀರಿನ ವೇಗ ಗಂಟೆಗೆ ಎಷ್ಟು ಕಿ.ಮೀ.?

ಉತ್ತರ: 1) 12 ಸೆಕೆಂಡ್. 2) ರೈಲಿನ ಉದ್ದವನ್ನೂ ಕೂಡಿಸಬೇಕು; 300 ÷ 15 = 20 ಸೆಕೆಂಡ್. 3) 0.4 × 3.6 = 1.44 ಕಿ.ಮೀ.

ಮೂರೂ ಸರಿ ಬಂದವರು ಮನೆಯಲ್ಲಿ ಬೈಕ್ ಓಡಿಸುವ ಅಣ್ಣನಿಗೋ, ಮಾಮನಿಗೋ ಆ 60 ಮೀಟರಿನ ಲೆಕ್ಕವನ್ನು ಒಮ್ಮೆ ಬಿಡಿಸಿ ತೋರಿಸಿ.